ಉಣ್ಣೆ ತುಂಬದ ಗಂಟೆ

ಮುದುಕ ಎಲಿಯೊದೊರೊನ ಬಲಗೈಯಲ್ಲಿ ಮೂರು ಬೆರಳುಗಳಿರಲಿಲ್ಲ. ಉಳಿದೆರಡರಿಂದಲೇ ನಮ್ಮ ಹೇಸರಗತ್ತೆಗಳ ಮುಂದೆ ನಡೆಯುವ ಕುದುರೆಯ ಕೊರಳ ಗಂಟೆ ಬಿಚ್ಚಿ, ಮಡಿಲಲ್ಲಿಟ್ಟುಕೊಂಡು, ಕಣಿವೆಯ ಕಲ್ಲುಗುಡಿಸಲಿನ ಬಾಗಿಲಿಗೆ ಅಡ್ಡ ಕೂತಿದ್ದ. ಎರಡು ದಿನ ಸುರಿದ ಹಿಮ ನಿಂತು ಮಧ್ಯಾಹ್ನ ಬಿಸಿಲು ಬಂದಿತ್ತು. ನನ್ನ ಜೊತೆಗಾರ ಫಾಬಿಯಾನನ ಹೆಂಡತಿಗೆ ಆಚೆ ಚಿಲಿಯ ಊರಲ್ಲಿ ದಿನ ತುಂಬಿತ್ತು. ಅವನಿಗೆ ಈಗಲೇ ಇಳಿಜಾರು ದಾಟಬೇಕಿತ್ತು.

"ಗಂಟೆ ಕೊಡು ಅಜ್ಜ. ಕೂತು ಕೂತು ಬೇರು ಬಿಟ್ಟಿರೋದು ನಿಂಗೆ, ನಂಗಲ್ಲ," ಅಂದ ಅವನು.

"ಕೊಡ್ತೀನಪ್ಪ, ಮೊದ್ಲು ಕೇಳು. ಇಂಥದೇ ದಿನ... ಗಾಳಿ ಹಿಮ ಹೊತ್ತು ತಂದು ಈ ಮಗ್ಗುಲಿಗೆ ಹಾಸಿತ್ತು, ಹಳೇದರ ಮೇಲೆ ಹೊಸದು ಅಂಟಿರ್ಲಿಲ್ಲ, ಕಾಲಿಟ್ರೆ ಒಳಗೆ ಧುಮ್ ಅನ್ನೋದು. ಅಂಥ ಕಡೆ ಭಾರಕ್ಕೆ ಹಿಮ ಜಾರದ ಹಾಗೆ ಹೇಸರಗತ್ತೆ ಒಂದೊಂದೇ ಬಿಡಬೇಕು, ಅಲ್ವಾ? ಆದ್ರೆ ಗಂಟೆ ಕಟ್ಟಿದ ಕುದುರೆ ಮುಂದೆ ಹೋದ್ರೆ ಅವು ನಿಲ್ತಾವಾ? ಸದ್ದು ಕೇಳಿದ್ರೆ ಎಲ್ಲಾ ಒಟ್ಟಿಗೇ ನುಗ್ತವೆ. ಅದಕ್ಕೇ ಗಂಟೆಯೊಳಗೆ ಉಣ್ಣೆ ತುಂಬೋದು. ಅದು ನನ್ನ ಕೆಲ್ಸ. ಕುದುರೆ ನಡೆಸೋದು ನನ್ನ ತಮ್ಮ ನೊಲ್ಬೆರ್ತೊಂದು. ಉಣ್ಣೆ ತುಂಬೋಕೆ ಕೈಗವಸು ತೆಗೀಬೇಕಲ್ಲ... ಚಳಿ. ಗಂಟೆಯ ನಾಲಿಗೆ ಹೆಪ್ಪುಗಟ್ಟಿ ಅಂಟಿತ್ತು, ಇದೆಲ್ಲಿ ಆಡುತ್ತೆ ಅಂದ್ಕೊಂಡೆ. 'ತುಂಬಿದ್ಯೇನೋ ಅಣ್ಣ, ಇಲ್ಲ ಬೆರಳನ್ನ ಮದ್ವೆಗೆ ಅಂತ ಜೋಪಾನ ಮಾಡ್ತಿದ್ಯಾ?' ಅಂದ. 'ತುಂಬಿದೀನಿ, ಹೋಗೋ' ಅಂದೆ.

"ನಡುದಾರಿ ಮುಟ್ಟೋ ಹೊತ್ತಿಗೆ ಬಿಸಿಲಿಗೆ ನಾಲಿಗೆ ಬಿಟ್ಕೊಂಡ್ತು. ಗಂಟೆ ಆಡ್ತು. ಒಂದೇ ಸಲ. ಅವನು ತಿರುಗಿ ನನ್ನ ನೋಡ್ದ... ಬೈಲಿಲ್ಲ. ಹನ್ನೊಂದು ಹೇಸರಗತ್ತೇನೂ ಹಗ್ಗ ಕಿತ್ಕೊಂಡು ಅವನ ಕಡೆ ಓಡಿದ್ವು. ಮೇಲೆ ಹಿಮದಲ್ಲಿ ನೂಲೆಳೆದ ಹಾಗೆ ಒಂದು ಗೆರೆ ಬಿತ್ತು, ಆಮೇಲೆ ಇಳಿಜಾರಿಗೆ ಇಳಿಜಾರೇ ಕಳಚ್ಕೊಂಡು ಬಂತು. ಸಂಜೇವರೆಗೂ ಬರಿಗೈಲಿ ಅಗೆದೆ. ಆಗ ಚಳಿ ನೆನಪಾಗ್ಲಿಲ್ಲ ನೋಡು."

ಫಾಬಿಯಾನ್ ಒಲೆಯ ಬೂದಿ ಕೆದಕುತ್ತಿದ್ದ.

"ಹಿಮ ಕರಗಿದಾಗ ಎಲ್ಲಾ ಸಿಕ್ತು. ಗಂಟೆ ಒಂದು ಸಿಗಲಿಲ್ಲ. ಹೊಸ ಹಿಮಕ್ಕೆ ಬಿಸಿಲು ಬಿದ್ದ ದಿನ ಅದು ಆಡುತ್ತೆ. ತಮ್ಮ ಬಾ ಅಂತಾನೋ, ಬರಬೇಡ ಅಂತಾನೋ... ಐವತ್ತು ವರ್ಷ ಕೇಳಿದೀನಿ, ತಿಳೀಲಿಲ್ಲ."

ಹೊರಗೆ ಗಂಟೆ ಆಡಿತು. ಒಂದೇ ಸಲ.

ನಾನು ಮೊದಲು ನೋಡಿದ್ದು ಮುದುಕನ ಮಡಿಲನ್ನು. ನಮ್ಮ ಗಂಟೆ ಅಲ್ಲೇ ಇತ್ತು, ಬಾಯಿತುಂಬ ಅವನು ತುರುಕಿದ್ದ ಉಣ್ಣೆ. ಗೋಡೆಯಾಚೆ ನಮ್ಮ ಹೇಸರಗತ್ತೆಗಳು ಹಗ್ಗ ಜಗ್ಗತೊಡಗಿದವು. ಫಾಬಿಯಾನ್ ಎದ್ದುಹೋಗಿ ಒಂದೊಂದಕ್ಕೂ ಎರಡೆರಡು ಗಂಟು ಹಾಕಿ ಬಂದ. ಬಂದವನು ಬೂಟು ಬಿಚ್ಚಿದ.

"ನಾಳೆ ನಸುಕಲ್ಲಿ ಹಿಮ ಗಟ್ಟಿಯಾದ್ಮೇಲೆ ದಾಟು," ಅಂದ ಮುದುಕ. "ಮಗು ಬೇಕಾದ್ರೆ ನಿನಗಿಂತ ಮುಂಚೆ ಬರ್ಲಿ."

"ಅವತ್ತು ಏನೇನು ಹೋಯ್ತು ಅಜ್ಜ?" ಎಂದು ನಾನು ಕೇಳಿದೆ.

"ಒಬ್ಬ ತಮ್ಮ. ಹನ್ನೊಂದು ಹೇಸರಗತ್ತೆ. ಒಂದು ಕುದುರೆ. ಮೂರು ಬೆರಳು. ಒಂದು ಹಿತ್ತಾಳೆ ಗಂಟೆ."