ಅಬ್ಬ ಗೆದ್ದ ಆಟ

ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಇಬ್ಬರು ಗೆಳೆಯರು ಕೂತಿದ್ದರು.

“ಶಾಕಿರ್, ನೀನು ಬರೆದ ಚೆಸ್ ಪ್ರೋಗ್ರಾಮಿನ ಹೊಸ ವರ್ಷನ್ ಹೆಂಗೈತೆ?”

“ಹೊಸಾದು ಅಂತ ಹೇಳದೇ ನಮ್ಮ ಅಬ್ಬನ ಕೈಲಿ ಆಡಿಸಿ ನೋಡ್ದೆ ತಿಪ್ಪೇಶ. ದಿನಾ ಗೆಲ್ತಿದ್ದೋರು ಒಂದಾಟನೂ ಗೆಲ್ಲಲಿಲ್ಲ.”

“ನಿಮ್ಮಪ್ಪ ಬೇಜಾರು ಮಾಡ್ಕೊಂಡ್ರಾ?”

“‘ನನ್ನ ತಲೆ ಓಡ್ತಿಲ್ಲ, ಡಾಕ್ಟ್ರಿಗೆ ತೋರ್ಸು’ ಅಂದ್ರು.”

“ಲೇ, ನಿಜ ಹೇಳ್ಬೇಕಿತ್ತು!”

“ಹೇಳ್ದೆ, ನಂಬಲಿಲ್ಲ. ಹಳೇ ವರ್ಷನ್ನೇ ಹಾಕ್ಕೊಟ್ಟೆ, ಗೆದ್ರು.”

“ಮತ್ತಿನ್ನೇನು?”

“‘ನನ್ನ ಸಮಾಧಾನಕ್ಕೆ ಬೇಕಂತಲೇ ಅದು ಸೋಲೋ ಹಂಗೆ ಮಾಡಿದೀಯ’ ಅಂತ ಎದ್ದು ಹೋದ್ರು. ಆಮೇಲೆ ಆಟನೇ ಮುಟ್ಟಿಲ್ಲ.”



“ನಾನು ಬಂದು ಆಡಕೆ ಕರೀಲಾ?”

“ನೀನೂ ಸೋಲಕ್ಕೇ ಬಂದಿದೀಯ ಅಂತಾರೆ.”

ಅಷ್ಟರಲ್ಲಿ ಚಿತ್ರದುರ್ಗದ ಬಸ್ ಬಂತು. ಇಬ್ಬರೂ ಹತ್ತಿ ಹೋದರು.