ಸೋದರತ್ತೆ ಇಲ್ಲವೆಂದವನು

ಒಂದೂರು. ಅಲ್ಲೊಬ್ಬ ಶ್ರೀಮಂತ. ಶನಿವಾರ ತಪ್ಪದೆ ಹನುಮಪ್ಪನಿಗೆ ವೀಳ್ಯದೆಲೆ ಹಾರ ಹಾಕಿಸುವವನು. ಅದೇ ಹನುಮಪ್ಪನ ಬಳಗ ತನ್ನ ಸೀಬೆತೋಟಕ್ಕೆ ಇಳಿದರೆ ಬೋನು ಇಡಿಸುವವನು. ನಗಬೇಡಿ, ನಿಮ್ಮಲ್ಲೂ ಅಂಥವರಿದ್ದೀರಿ.

ಅವನಿಗೊಬ್ಬ ತಂಗಿ. ಮುಖಕ್ಕೆ, ಕೈಗೆ ತೊನ್ನು ಬಂದು, ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವಳು. ಅವನ ಮಗಳನ್ನು ಎತ್ತಿ ಆಡಿಸಿ ಬೆಳೆಸಿದವಳು. ಆ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಬೆಳಿಗ್ಗೆ ಶ್ರೀಮಂತ ತಂಗಿಯನ್ನು ಕರೆದ.

“ನೀನಿವತ್ತು ತೋಟದ ಮನೇಲಿರು. ಅವರು ಹೋದ್ಮೇಲೆ ಕರೆಸ್ತೀನಿ.”

“ಹುಡುಗೀಗೆ ಹೂ ಮುಡಿಸಿ ಕರ್ಕೊಂಡು ಬರೋಳು ಸೋದರತ್ತೆ ಅಲ್ವೇನಣ್ಣ?”

“ಯಾರು ಮುಡಿಸಿದ್ರೂ ಮಲ್ಲಿಗೆ ಮಲ್ಲಿಗೇನೇ. ತೊನ್ನು ವಂಶದ್ದು ಅಂತ ಅವರು ಎದ್ದು ಹೋದ್ರೆ, ಮಗಳ ಬಾಳು ನೀನು ಕಟ್ಟಿಕೊಡ್ತೀಯಾ?”

ಅವಳು ಹೋದಳು. ಎಲ್ಲಿ ಹೊರಗೆ ಬಂದುಬಿಡುತ್ತಾಳೋ ಎಂದು ಇವನೇ ಹೊರಗಿನಿಂದ ಚಿಲಕ ಹಾಕಿ ಬಂದ.

ಬೀಗರು ಬಂದರು, ಹುಡುಗಿಯನ್ನು ಒಪ್ಪಿದರು, ತೋಟ ನೋಡೋಣ ಎಂದರು. ಅಲ್ಲಿ ಬೋನಿಗೆ ಒಂದು ಹೆಣ್ಣುಮಂಗ ಬಿದ್ದಿತ್ತು. ಯಾವಾಗಲೋ ಕರೆಂಟು ತಂತಿ ಹಿಡಿದು ಅರ್ಧ ಮೈ ಸುಟ್ಟು, ಕೂದಲು ಉದುರಿದ ಮಂಗ. ಉಳಿದವು ಓಡಿಹೋಗಿದ್ದವೇ? ಇಲ್ಲ. ಬೋನಿನ ಸುತ್ತ ಕೂತಿದ್ದವು. ಮಂಗಗಳೇನು ಋಷಿಗಳಲ್ಲ ನೋಡಿ, ಒಂದು ಕಾಯಿಗಾಗಿ ಕಪಾಳಕ್ಕೆ ಬಾರಿಸಿಕೊಳ್ಳುತ್ತವೆ. ಆದರೆ ಜಗಳ ಮುಗಿದ ಮೇಲೆ ಒಂದರ ಮೈ ಒಂದು ನೋಡುತ್ತವೆ. ಅಲ್ಲೂ ಒಂದು ಮಂಗ ಸರಳುಗಳ ನಡುವೆ ಕೈ ತೂರಿಸಿ, ಆ ಸುಟ್ಟ ಮೈಯನ್ನೇ ಸವರಿ ಸವರಿ ಹೇನು ಹೆಕ್ಕುತ್ತಿತ್ತು.

“ನಮ್ಮ ಜನ ಆಗಿದ್ರೆ ಇದನ್ನ ಹಿತ್ತಲ ಕೋಣೆಗೆ ಹಾಕಿರೋರು,” ಅಂದಳು ಗಂಡಿನ ಅಜ್ಜಿ.

ಶ್ರೀಮಂತನ ಕಣ್ಣು ತೇವವಾಯಿತು. ತಾನೇ ಬಗ್ಗಿ ಬೋನಿನ ಬಾಗಿಲೆತ್ತಿದ. ಎಂಥ ಕರುಣೆ ನಿಮ್ಮದು ಎಂದರು ಬೀಗರು. ಅವನು ಹಿಗ್ಗಿದ.

“ಅಂದಹಾಗೆ, ಹುಡುಗಿ ಸೋದರತ್ತೆ ಕಾಣಲೇ ಇಲ್ವಲ್ಲಪ್ಪ?” ಅಂದಳು ಅಜ್ಜಿ.

“ಇಲ್ಲಮ್ಮ. ನನಗೆ ಒಡಹುಟ್ಟಿದವರೇ ಇಲ್ಲ.”

ಹತ್ತು ಹೆಜ್ಜೆ ಆಚೆ, ಚಿಲಕ ಹಾಕಿದ ಬಾಗಿಲ ಹಿಂದೆ, ತಂಗಿ ಕೇಳಿಸಿಕೊಂಡಳು. ಕೂಗಲಿಲ್ಲ. ಕೂಗಿದರೆ ಆ ಮಗುವಿನ ಮದುವೆ ಮುರಿಯುತ್ತದಲ್ಲ.

ಮದುವೆ ನಡೆಯಿತು. ಅವನಿಗೆ ಯಾವ ಶಾಪವೂ ತಟ್ಟಲಿಲ್ಲ, ಊರೆಲ್ಲ ಧರ್ಮಾತ್ಮ ಎಂದಿತು. ನನಗೆ ಸಿಟ್ಟು ಬರುವುದೇ ಅಲ್ಲಿ. ಮಂಗನ ಬಾಗಿಲೆತ್ತಿದ ಕೈಗೆ ತಂಗಿಯ ಚಿಲಕ ದೂರವಾಯಿತೇ? ಬೈಯುವಾಗ ಮಂಗನ ಬುದ್ಧಿ ಅನ್ನುತ್ತೀರಿ. ಯಾವ ಮಂಗ ತನ್ನ ಒಡಹುಟ್ಟಿದವಳನ್ನು ಇಲ್ಲವೆಂದಿದೆ, ಹೇಳಿ?

ಈ ಹರಿಕಥೆಗೆ ಬರುವಾಗ “ನೀನ್ಯಾಕೆ, ಜನ ಇರ್ತಾರೆ” ಎಂದು ಯಾರನ್ನು ಮನೆಯಲ್ಲಿ ಬಿಟ್ಟು ಬಂದಿರಿ? ಕಾಲೆಳೆದು ನಡೆಯುವ ತಮ್ಮನನ್ನೇ? ಗಂಡ ಬಿಟ್ಟ ಮಗಳನ್ನೇ? ತೊದಲುವ ಅಕ್ಕನನ್ನೇ? ಕೈ ಎತ್ತಬೇಡಿ, ಎದ್ದು ಹೋಗಿ ಕರೆತನ್ನಿ. ಹಿಂದಿನ ಸಾಲಿನಲ್ಲಲ್ಲ, ನಿಮ್ಮ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಿಸಿಕೊಳ್ಳಿ. ಯಾರು ಇವರು ಎಂದು ಯಾರಾದರೂ ಕೇಳಿದರೆ, ನಮ್ಮವರು ಎಂದು ಗಟ್ಟಿಯಾಗಿ ಹೇಳಿ. ಅವರು ಬರುವವರೆಗೆ ಇವತ್ತು ಮಂಗಳಾರತಿ ಎತ್ತುವುದಿಲ್ಲ. ನಾನು ಕೂತಿರುತ್ತೇನೆ.