ಬೈಸಿಕೊಳ್ಳಬೇಕಿತ್ತು

ಪಿಟ್ಸ್‌ಬರ್ಗಿನ ಬಸ್ ನಿಲ್ದಾಣದಲ್ಲಿ ಲೊರೆಟಾಳ ಪಕ್ಕ ಇಬ್ಬರು ಕೂತಿದ್ದರು. ಮುದುಕ ಟೀಗ್ ಬೇಸ್‌ಬಾಲ್ ತಂಡವೊಂದರ ಹಳೆಯ ಮ್ಯಾನೇಜರ್, ನಡುವಯಸ್ಸಿನ ಡ್ವೇನ್ ಅವನ ತಂಡದಲ್ಲಿ ಚೆಂಡೆಸೆಯುತ್ತಿದ್ದವನು ಎಂದು ಮಾತಿನಿಂದಲೇ ತಿಳಿಯಿತು. ಕೇಳಿಸಿಕೊಳ್ಳಬಾರದು ಎಂದುಕೊಂಡರೂ ಅವಳ ಕಿವಿ ಅತ್ತಲೇ ಹೋಯಿತು.

“ಇವತ್ತು ನಾನು ಕೋಚ್ ಆಗಿರೋ ಶಾಲೆ ತಂಡದ ಫೈನಲ್, ಯಜಮಾನ್ರೇ. ಚೆಂಡೆಸೆಯೋ ಹುಡುಗನ ಮೊಣಕೈ ನೋಯ್ತಿರೋ ಹಾಗಿದೆ. ಆಡೋಕಾಗುತ್ತಾ ಅಂತ ಅವನನ್ನೇ ಕೇಳಿಬಿಡ್ಲಾ?”

“ಕೇಳಲೇಬೇಡ. ಆಗಲ್ಲ ಅಂತ ಯಾವನೂ ಹೇಳಲ್ಲ. ನಾನೂ ನಿನ್ನ ಕೇಳಿದ್ದೆ.”

“ಆಗುತ್ತೆ ಅಂದಿದ್ದು ನಾನೇ ಅಲ್ವಾ?”

“ನಿನ್ನ ಕೈ ನೋಯ್ತಿದ್ದದ್ದು ನಂಗೆ ಕಾಣ್ತಿತ್ತು ಕಣೋ. ಗೆಲ್ಲೋ ಆಸೆ. ಅದಕ್ಕೇ ನಿನ್ನ ಬಾಯಿಂದ ಹೇಳಿಸ್ದೆ. ಆಮೇಲೆ ನೀನು ಒಂದಾಟಾನೂ ಆಡಲಿಲ್ಲ.”

ಡ್ವೇನ್ ನಕ್ಕ. “ಅವತ್ತು ಚೆಂಡು ಕಿತ್ಕೊಂಡು ನನ್ನ ಆಚೆ ಕೂರಿಸಿದ್ರೆ ಸಾಯೋವರೆಗೂ ನಿಮ್ಮನ್ನ ಬೈತಿದ್ದೆ.”

“ಬೈಸ್ಕೋಬೇಕಿತ್ತು. ನನಗೆ ಸಂಬಳ ಕೊಡ್ತಿದ್ದಿದ್ದೇ ಅದಕ್ಕೆ.”

ಮೈದಾನದ ಕಡೆಯ ಬಸ್ ಬಂತು. ಡ್ವೇನ್ ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದ. ಅವನ ಬಲತೋಳಿಗೆ ಆಸರೆ ಕೊಡಲು ಹೋದ ಮುದುಕ, ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದುಕೊಂಡು ಸುಮ್ಮನೆ ಅವನ ಹಿಂದೆ ಹತ್ತಿದ.